ಭಾವಚಿತ್ರಕ್ಕೆ ಆರಂಭಿಕ ಹಂತದ ಕ್ಯಾಮೆರಾ ಸಾಕೆ?

ಪ್ರಶ್ನೆ: ನನ್ನ ಬಳಿ ಕ್ಯಾನನ್ ಇಒಎಸ್ 1500ಡಿ ಕ್ಯಾಮೆರಾ ಮತ್ತು ಅದರ ಜೊತೆಗೇ ಬಂದ 18-55 ಮಿ.ಮೀ. ಲೆನ್ಸ್ ಇವೆ. ಮನೆಯವರ ಭಾವಚಿತ್ರ ತೆಗೆದರೆ ಮುಖ ಕಪ್ಪಾಗುತ್ತದೆ, ಹಿನ್ನೆಲೆಯ ಸಾಮಾನೆಲ್ಲ ಎದ್ದು ಕಾಣುತ್ತದೆ. ವೃತ್ತಿಪರರ ಚಿತ್ರಗಳಂತೆ ಬರಬೇಕಾದರೆ ಫುಲ್ ಫ್ರೇಮ್ (ಚಿತ್ರ ಮೂಡಿಸುವ ಸೆನ್ಸರ್ ದೊಡ್ಡದಿರುವ) ಕ್ಯಾಮೆರಾ ಕೊಳ್ಳಲೇಬೇಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ಕೊಳ್ಳಬೇಕಾಗಿಲ್ಲ. ನಿಮ್ಮ ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದು. ಗೋಡೆಗೆ ತೂಗುಹಾಕುವಂಥ 12×18 ಇಂಚಿನ ಚಿತ್ರವನ್ನು ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಲು ಬೇಕಾಗುವುದು ಸುಮಾರು 19.5 ಮೆಗಾಪಿಕ್ಸೆಲ್ ಮಾತ್ರ. ಆದ್ದರಿಂದ ನೀವು ಹೇಳಿರುವ ಎರಡೂ ತೊಂದರೆಗಳಿಗೆ ಕಾರಣವನ್ನು ಲೆನ್ಸಿನಲ್ಲಿ ಮತ್ತು ಬೆಳಕಿನಲ್ಲಿ ಹುಡುಕಬೇಕು.

ಮೊದಲು ಹಿನ್ನೆಲೆಯ ವಿಷಯ. ನಿಮ್ಮ ಲೆನ್ಸನ್ನು 55 ಮಿ.ಮೀ.ಗೆ ಎಳೆದಾಗ ಅದರ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅದರ ಬದಲು 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿದರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಬರುತ್ತದೆ, ಹಿನ್ನೆಲೆಯೂ ಮೃದುವಾಗಿ ಮಸುಕಾಗುತ್ತದೆ. ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದಾದ್ದರಿಂದ ಈ ಲೆನ್ಸ್ ಫುಲ್ ಫ್ರೇಮ್‌ನ 80 ಮಿ.ಮೀ. ಲೆನ್ಸಿನಷ್ಟೇ ನೋಟವನ್ನು ಕೊಡುತ್ತದೆ. ಭಾವಚಿತ್ರಕ್ಕೆ ಅದು ಹೇಳಿ ಮಾಡಿಸಿದ ಅಳತೆ. ಹೊಸ ಕ್ಯಾಮೆರಾಕ್ಕೆ ಹಣ ಕೂಡಿಡುವ ಮೊದಲು ಈ ಒಂದು ಲೆನ್ಸ್ ಕೊಳ್ಳಿರೆಂದು ನಾನು ಒತ್ತಾಯಪೂರ್ವಕವಾಗಿಯೇ ಹೇಳುತ್ತೇನೆ. 

ಎಫ್/1.8ರಲ್ಲಿ ಒಂದೂವರೆ ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಆರು ಸೆಂಟಿಮೀಟರ್ ಅಷ್ಟೆ. ಮುಖ ಸ್ವಲ್ಪ ಓರೆಯಾದರೂ ದೂರದ ಕಣ್ಣು ಮಸುಕಾಗುವುದರಿಂದ ಅಪರ್ಚರನ್ನು ಎಫ್/2.8ಕ್ಕೆ ಕಿರಿದುಮಾಡಿ, ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಿನ ಮೇಲೆ ಫೋಕಸ್ ಮಾಡಿ. ಹೊಸ ಲೆನ್ಸ್ ಬರುವವರೆಗೆ ಈಗಿರುವುದನ್ನೇ 55 ಮಿ.ಮೀ.ನಲ್ಲಿಟ್ಟು, ಕುಳಿತವರನ್ನು ಗೋಡೆಯಿಂದ ಮೂರು ನಾಲ್ಕು ಮೀಟರ್ ಮುಂದಕ್ಕೆ ಕರೆತನ್ನಿ. 18 ಮಿ.ಮೀ.ನಲ್ಲಿ ಹತ್ತಿರ ಹೋಗಿ ಮುಖ ತೆಗೆಯಬೇಡಿ, ಮೂಗು ದೊಡ್ಡದಾಗಿ ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ.

ಮುಖ ಕಪ್ಪಾಗುವುದಕ್ಕೆ ಬೇರೆಯೇ ಕಾರಣವಿದೆ. ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಮೀಟರ್ ಇಡೀ ದೃಶ್ಯವನ್ನು ಮಧ್ಯಮ ಬೆಳಕಿಗೆ ತರಲು ನೋಡುತ್ತದೆ; ಹಿಂದೆ ಸುಣ್ಣ ಬಳಿದ ಗೋಡೆಯೋ ಆಕಾಶವೋ ಇದ್ದರೆ ಅದನ್ನು ತಗ್ಗಿಸುವ ಭರದಲ್ಲಿ ನಮ್ಮ ಕಂದು, ಎಣ್ಣೆಗೆಂಪು ಮೈಬಣ್ಣಗಳನ್ನೂ ಕತ್ತಲೆಗೆ ತಳ್ಳುತ್ತದೆ. ಎವಿ ಮೋಡ್‌ನಲ್ಲಿ (ಅಪರ್ಚರ್ ನಾವು ಆರಿಸಿ ಉಳಿದದ್ದನ್ನು ಕ್ಯಾಮೆರಾಕ್ಕೆ ಬಿಡುವ ಕ್ರಮ) ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಹೊಂದಿಕೆ) ಅನ್ನು +1ಕ್ಕೆ ಏರಿಸಿ, ಸೆನ್ಸರ್ ಕಂಡದ್ದನ್ನೆಲ್ಲ ಉಳಿಸಿಕೊಳ್ಳುವ ರಾ ಫೈಲ್‌ನಲ್ಲಿ ತೆಗೆಯಿರಿ. ಮುಖವನ್ನು ಬಿಳಿಚಿಸಿ ತೋರಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಇದ್ದ ಬಣ್ಣ ಇದ್ದ ಹಾಗೆ, ಅದರ ಹೊಳಪಿನೊಂದಿಗೆ ಬರಬೇಕು.

ಬೆಳಕಿಗೆ ನಿಮ್ಮ ಭಾಗದ ಮನೆಗಳ ಜಗುಲಿಗಿಂತ ಒಳ್ಳೆಯ ಸ್ಟುಡಿಯೋ ಇಲ್ಲ. ಅಜ್ಜಿಯನ್ನು ಜಗುಲಿಯ ಬಾಗಿಲಿನಿಂದ ಒಂದು ಮಾರು ಒಳಗೆ ಕೂರಿಸಿ, ಮುಖವನ್ನು ಬಾಗಿಲಿನ ಕಡೆಗೆ ಅರ್ಧ ತಿರುಗಿಸಲು ಹೇಳಿ, ಟ್ಯೂಬ್‌ಲೈಟ್ ಆರಿಸಿ. ಕೆಂಪು ನೆಲದ ಮೇಲೆ ಬಿಸಿಲು ಬಿದ್ದಿದ್ದರೆ ಗಲ್ಲದ ಅಡಿ ಮತ್ತು ಕುತ್ತಿಗೆಗೆ ಕೆಂಪು ಛಾಯೆ ಹತ್ತುತ್ತದೆ. ಅಲ್ಲಿ ಒಂದು ಬಿಳಿ ಪಂಚೆಯನ್ನು ಹಾಸಿದರೆ ಆ ಕೆಂಪು ಹೋಗುವುದಲ್ಲದೆ ಕಣ್ಣಿನ ಕೆಳಗಿನ ನೆರಳೂ ತಿಳಿಯಾಗುತ್ತದೆ. ಬಾಗಿಲಿನ ಎದುರು ಬದಿಗೆ ಒಂದು ಥರ್ಮೋಕೋಲ್ ಹಾಳೆ ಹಿಡಿದರೆ ಕತ್ತಲೆಯಾದ ಕೆನ್ನೆಗೂ ಬೆಳಕು ಸಿಗುತ್ತದೆ.

ಈ ಕ್ಯಾಮೆರಾ ಎಲ್ಲಕ್ಕೂ ಸಾಕೆಂದು ನಾನು ಹೇಳಲಾರೆ. ಮಂದ ಬೆಳಕಿನ ಕಲ್ಯಾಣ ಮಂಟಪದಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ) 3200 ದಾಟಿದರೆ ಚಿತ್ರದಲ್ಲಿ ಕಾಳುಕಾಳು ಕಾಣತೊಡಗುತ್ತದೆ. ಒಂಬತ್ತೇ ಫೋಕಸ್ ಬಿಂದುಗಳಿರುವುದರಿಂದ ಓಡಾಡುವ ಮಕ್ಕಳನ್ನು ಹಿಡಿಯುವುದು ಕಷ್ಟ. ಮೆಮೊರಿ ಕಾರ್ಡಿಗೆ ಒಂದೇ ಸ್ಲಾಟ್ ಇದೆ. ಹಣ ಪಡೆದು ಮದುವೆಯ ಚಿತ್ರ ತೆಗೆಯುವವರು ಎರಡು ಕಾರ್ಡುಗಳಲ್ಲಿ ಏಕಕಾಲಕ್ಕೆ ದಾಖಲಿಸುವ ಕ್ಯಾಮೆರಾವನ್ನು ಬಾಡಿಗೆಗಾದರೂ ತರಬೇಕು, ಏಕೆಂದರೆ ಕಾರ್ಡ್ ಕೆಟ್ಟರೆ ಮುಹೂರ್ತವನ್ನು ಮತ್ತೆ ನಡೆಸಲಾಗದು.

ಪ್ರಶ್ನೆ: ಎಲ್ಇಡಿ ದೀಪದ ಕೆಳಗೆ ತೆಗೆದ ಭಾವಚಿತ್ರಗಳಲ್ಲಿ ಅಡ್ಡಪಟ್ಟಿಗಳು ಬರುತ್ತಿವೆ. ಕ್ಯಾಮೆರಾ ಕೆಟ್ಟಿದೆಯೆ?
– ಓದುಗರೊಬ್ಬರು, ಹಾಸನ

ಉತ್ತರ: ಕೆಟ್ಟಿರಲಾರದು. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಹಲವು ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಶಟರ್ (ಬೆಳಕಿಗೆ ತೆರೆದು ಮುಚ್ಚುವ ಪರದೆ) ವೇಗ ಅದಕ್ಕಿಂತ ಹೆಚ್ಚಾದಾಗ ಪಟ್ಟಿಗಳು ಮೂಡುತ್ತವೆ. ವೇಗವನ್ನು 1/100 ಸೆಕೆಂಡಿಗೆ ಇಳಿಸಿ. ಬೆಳಕು ಸಾಲದಿದ್ದರೆ 1/50ಕ್ಕೆ ಇಳಿಸಬಹುದು, ಆದರೆ ಆಗ ಕುಳಿತವರು ಅಲುಗಾಡಬಾರದು.