ವಧೆಯ ಹೊತ್ತಿನ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರೆ ಕುದುರೆ ಪಟ್ಟ ಸಂಕಟ ತಿಳಿಯುತ್ತದೆಯೇ? ಅಳೆಯಲು ಯಾವ ಪರೀಕ್ಷಾ ಕಿಟ್ ಒಳ್ಳೆಯದು?

ಪಶುವೈದ್ಯಕೀಯ ಸ್ನಾತಕೋತ್ತರ ಪದವಿಯ ಎರಡನೆಯ ವರ್ಷದಲ್ಲಿ ನಾನೂ ಇದೇ ಪ್ರಶ್ನೆಯನ್ನು ಹಿಡಿದು ಹೊರಟಿದ್ದೆ. ಇಟಲಿಯಲ್ಲಿರುವಂತೆ ಕುದುರೆಯನ್ನು ಮಾಂಸಕ್ಕಾಗಿ ಕಡಿಯುವ ರೂಢಿ ನಮ್ಮಲ್ಲಿಲ್ಲ. ಆದ್ದರಿಂದ ವಧೆಗೆ ಮುನ್ನ ಅವು ಲಾರಿಯಲ್ಲಿ ಪಡುವ ಪಾಡನ್ನಾದರೂ ಅಳೆಯೋಣವೆಂದು, ಮೈಸೂರಿನ ಅರಮನೆಯ ಸುತ್ತ ಓಡುವ ಹನ್ನೆರಡು ಟಾಂಗಾ ಕುದುರೆಗಳನ್ನು ಗೊತ್ತುಮಾಡಿಕೊಂಡೆ. ಸಂಜೆ 6 ಗಂಟೆಗೆ ಅವು ಲಾಯಕ್ಕೆ ಮರಳಿ ಹುರುಳಿ ತಿನ್ನುವಾಗ ಕತ್ತಿನ ರಕ್ತನಾಳದಿಂದ ಮೊದಲ ಮಾದರಿ ತೆಗೆದೆ. ಮರುದಿನ ನಸುಕಿನಲ್ಲಿ ಲಾರಿಗೆ ಹತ್ತಿಸಿ, ಸುಮಾರು 45 ಕಿಲೋಮೀಟರ್ ದೂರದ ಮಂಡ್ಯದಲ್ಲಿ 7 ಗಂಟೆಗೆ ಇಳಿಸಿದ ಕೂಡಲೇ ಎರಡನೆಯದನ್ನು ತೆಗೆದೆ.

ಒಂದು ಬಿಳಿ ಹೆಣ್ಣು ಕುದುರೆ ಲಾರಿಯ ಹಲಗೆಯ ಮೇಲೆ ಕಾಲಿಡಲೊಲ್ಲದೆ, ಹೊಳ್ಳೆ ಅರಳಿಸಿ ನಿಂತು, ನೀರಾಗಿ ಲದ್ದಿ ಹಾಕಿತು. ಅದರ ಯಜಮಾನರು ಹೆಗಲ ಮೇಲಿದ್ದ ಟವೆಲ್ಲನ್ನು ಕಣ್ಣಿಗೆ ಕಟ್ಟಿದ ಮೇಲೆಯೇ ಅದು ಹತ್ತಿದ್ದು. ಇದನ್ನು ನಾನು ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಸಂಖ್ಯೆ ಬರುವುದಿತ್ತಲ್ಲ!

ಹನ್ನೆರಡರಲ್ಲೂ ಕಾರ್ಟಿಸಾಲ್ ಏರಿತ್ತು. ಹಿಗ್ಗಿ ಗುರುಗಳಿಗೆ ತೋರಿಸಿದರೆ, "ಲಾಯದಲ್ಲೇ ಸುಮ್ಮನೆ ನಿಂತ ಕುದುರೆಗೆ ಬೆಳಿಗ್ಗೆ 7ಕ್ಕೆ ಎಷ್ಟಿರುತ್ತದೆಯಪ್ಪಾ?" ಎಂದಷ್ಟೇ ಕೇಳಿದರು. ನೆಮ್ಮದಿಯಾಗಿರುವ ಕುದುರೆಯಲ್ಲೂ ಕಾರ್ಟಿಸಾಲ್ ಬೆಳಗಿನ ಹೊತ್ತು ಮೇಲಿದ್ದು, ಸಂಜೆಗೆ ತೀರಾ ಇಳಿಯುತ್ತದೆ. ಅಂದರೆ ನಾನು ಮೊದಲ ಮಾದರಿಯನ್ನು ದಿನದ ತಗ್ಗಿನಲ್ಲೂ ಎರಡನೆಯದನ್ನು ದಿನದ ಶಿಖರದಲ್ಲೂ ತೆಗೆದಿದ್ದೆ. ಏರಿದ್ದರಲ್ಲಿ ಲಾರಿಯ ಪಾಲೆಷ್ಟು, ಸೂರ್ಯನ ಪಾಲೆಷ್ಟು ಎಂದು ಬೇರ್ಪಡಿಸುವ ದಾರಿಯೇ ಇರಲಿಲ್ಲ. ಎರಡು ಕುದುರೆಗಳನ್ನು ಲಾಯದಲ್ಲೇ ಬಿಟ್ಟು ಅದೇ ಹೊತ್ತಿಗೆ ರಕ್ತ ತೆಗೆದಿದ್ದರೆ ಕೊಂಚವಾದರೂ ಉಳಿಯುತ್ತಿತ್ತು. ಎಲ್ಲ ಕುದುರೆಗಳಿಗೂ ಹಿಂದಿನ ಬೆಳಿಗ್ಗೆ 7ಕ್ಕೇ ಮೊದಲ ಮಾದರಿ ತೆಗೆದಿದ್ದರೆ ಪೂರ್ತಿ ಉಳಿಯುತ್ತಿತ್ತೇನೋ. ಬೆಳಿಗ್ಗೆ ಗಿರಾಕಿಗಳು ತಪ್ಪುತ್ತಾರೆಂದು ಟಾಂಗಾದವರು ಗೊಣಗಿದ್ದರಿಂದ ಸಂಜೆಗೆ ಒಪ್ಪಿಕೊಂಡಿದ್ದೆ. ಆ ದಾಕ್ಷಿಣ್ಯಕ್ಕೆ ಒಂದು ವರ್ಷ ತೆತ್ತೆ.

ಇನ್ನು ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲವೆನ್ನುವುದು ನನ್ನ ಅಭಿಪ್ರಾಯ. ಕೊಯ್ಯುವ ಮುನ್ನ ಪ್ರಜ್ಞೆ ತಪ್ಪಿಸಲು ಹಣೆಗೆ ಬೋಲ್ಟ್ ಗನ್ (ಲೋಹದ ಮೊಳೆ ಚಿಮ್ಮಿಸುವ ಬಂದೂಕು) ಹೊಡೆದಾಗ, ಪ್ರಜ್ಞೆ ತಪ್ಪಿದ ದೇಹವೇ ಹೆದರಿಕೆಯಲ್ಲೂ ಏರುವ ಇನ್ನೊಂದು ಹಾರ್ಮೋನಾದ ಅಡ್ರಿನಾಲಿನ್ನನ್ನು ರಕ್ತಕ್ಕೆ ಸುರಿಯುತ್ತದೆ. ಆದ್ದರಿಂದ ಕತ್ತು ಕೊಯ್ದಾಗ ಹಿಡಿದ ರಕ್ತದಲ್ಲಿ ಅದು ಹೆಚ್ಚಿದ್ದರೆ ಕುದುರೆ ಹೆದರಿತ್ತೆಂದು ಹೇಳಲಾಗದು. ಕಾರ್ಟಿಸಾಲ್ ಏರುವುದು ನಿಧಾನ; ಮಿದುಳಿನಿಂದ ಆದೇಶ ಹೊರಟು ಅಡ್ರಿನಲ್ ಗ್ರಂಥಿಯ ಹೊರಪದರ ಅದನ್ನು ಸ್ರವಿಸಿ ರಕ್ತದಲ್ಲಿ ಕಾಣುವಷ್ಟಾಗಲು ನಿಮಿಷಗಳೇ ಬೇಕು. ಹಾಗಾಗಿ ಅದು ಹೇಳುವುದು ಕೊನೆಯ ಕ್ಷಣದ ಕಥೆಯನ್ನಲ್ಲ, ಅದಕ್ಕೆ ಹಿಂದಿನ ಇಳಿಸುವಿಕೆ, ದೊಡ್ಡಿ, ನೂಕುನುಗ್ಗಲುಗಳ ಕಥೆಯನ್ನು. ರೇಸಿನಲ್ಲಿ ಓಡಿ ಬಂದ ಕುದುರೆಯಲ್ಲೂ ಅದು ಏರಿರುತ್ತದೆ; ಅದನ್ನು ಸಂಕಟವೆನ್ನುತ್ತೀರಾ?

ಅಳೆಯಲೇಬೇಕೆಂದಿದ್ದರೆ ಲಾಯದಲ್ಲಿ, ಇಳಿಸಿದಾಗ, ಬೋಲ್ಟ್‌ಗೆ ಮುನ್ನ, ಕೊಯ್ದಾಗ ಹೀಗೆ ನಾಲ್ಕು ಸಲ ಅಳೆಯಿರಿ. ಲಾಯದ್ದನ್ನು ವಧೆಗೆ ಮುಂಚಿನ ಒಂದು ದಿನ, ವಧೆಯಾಗುವ ಅದೇ ಹೊತ್ತಿಗೆ ತೆಗೆಯಿರಿ. ಅಡ್ರಿನಾಲಿನ್ ಬೇಗ ಕೆಡುವುದರಿಂದ ನಳಿಕೆಗಳನ್ನು ಮಂಜುಗಡ್ಡೆಯಲ್ಲಿಡಿ. ಲದ್ದಿ, ಬೆವರು, ಹೊಳ್ಳೆ, ಎಷ್ಟು ಸಲ ಹಿಂಜರಿಯಿತು ಎಂಬುದೆಲ್ಲವನ್ನೂ ಬರೆದುಕೊಳ್ಳಿ. ಕಿಟ್‌ನ ಚಿಂತೆ ಆಮೇಲಿನದು. ಕುದುರೆಯ ರಕ್ತಕ್ಕೆ ಹೊಂದುವುದೆಂದು ನಿಮ್ಮ ಪ್ರಯೋಗಾಲಯ ಪರೀಕ್ಷಿಸಿಕೊಂಡಿರುವ ಯಾವುದಾದರೂ ಆದೀತು.