ಹಿಮಸಾರಂಗದ ಬೇಟೆಗೂ ಗಾಳಕ್ಕೂ ಒಂದೇ ಪ್ರವಾಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಬ್ರಹ್ಮಾವರ ಸಮೀಪದ ಅಡಿಕೆ ಕೃಷಿಕರು. ಮನೆಯಲ್ಲಿ ಬೆಳೆ ರಕ್ಷಣೆಯ ಪರವಾನಿಗೆ ಇರುವ ಒಂಟಿನಳಿಗೆ ಕೋವಿ ಇದೆ. ಬೇಟೆಯ ಅನುಭವವಿಲ್ಲ, ಆದರೆ ಕೋಡಿಬೆಂಗ್ರೆಯ ಅಳಿವೆಯಲ್ಲಿ ಗಾಳ ಹಾಕುವ ಹುಚ್ಚು ನನಗೂ ತಮ್ಮನಿಗೂ ಚಿಕ್ಕಂದಿನಿಂದ ಇದೆ. ಡೆನ್ಮಾರ್ಕಿನಲ್ಲಿರುವ ನಮ್ಮ ಭಾವ, ಮುಂದಿನ ವರ್ಷ ಗೈಡ್ ಜತೆ ಹಿಮಸಾರಂಗದ ಬೇಟೆಗೂ ಮೀನು ಹಿಡಿಯುವುದಕ್ಕೂ ಒಟ್ಟಿಗೆ ಹೋಗೋಣ ಎನ್ನುತ್ತಿದ್ದಾರೆ. ಯಾವ ದೇಶ ಒಳ್ಳೆಯದು, ಯಾವ ತಿಂಗಳು, ನಮ್ಮ ಕೋವಿಯನ್ನೇ ಒಯ್ಯಬಹುದೇ?
(ಓದುಗರೊಬ್ಬರು, ಬ್ರಹ್ಮಾವರ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ. ಕೋವಿ ಮನೆಯಲ್ಲೇ ಇರಲಿ. ಅದರ ಪರವಾನಿಗೆ ನಿಮ್ಮ ತೋಟದ ರಕ್ಷಣೆಗೆ ಕೊಟ್ಟದ್ದೇ ಹೊರತು ಬೇಟೆಗಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮಲ್ಲಿ ಹವ್ಯಾಸದ ಬೇಟೆಗೆ ಅವಕಾಶವೇ ಇಲ್ಲ. ಅದನ್ನು ದೇಶದಾಚೆ ಒಯ್ಯಲು ಇಲ್ಲಿಯ, ನಡುವಿನ ಮತ್ತು ಅಲ್ಲಿಯ ಅನುಮತಿಗಳಿಗಾಗಿ ಅಲೆಯುವ ಶ್ರಮಕ್ಕೆ ಫಲವೂ ಇಲ್ಲ, ಏಕೆಂದರೆ ಮರವಿಲ್ಲದ ಬಯಲಿನಲ್ಲಿ ನೂರು, ಇನ್ನೂರು ಮೀಟರ್ ದೂರ ನಿಂತ ಪ್ರಾಣಿಗೆ ಚರೆಯ ಕೋವಿ ಪ್ರಯೋಜನಕ್ಕೆ ಬಾರದು. ಬೇಟೆ ಪ್ರವಾಸ ನಡೆಸುವವರು ಸಾಮಾನ್ಯವಾಗಿ ರೈಫಲನ್ನು ಬಾಡಿಗೆಗೆ ಒದಗಿಸುತ್ತಾರೆ.

ಇನ್ನು ದೇಶದ ವಿಚಾರ. ನಾರ್ವೆ, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಈ ಮೂರರ ಪೈಕಿ ನಿಮಗೆ ಹೊಂದುವುದು ಗ್ರೀನ್‌ಲ್ಯಾಂಡ್ ಎಂಬುದು ನಮ್ಮ ಅಭಿಪ್ರಾಯ. ನಾರ್ವೆಯ ಹಾರ್ಡಾಂಗರ್‌ವಿಡ್ಡ ಪ್ರಸ್ಥಭೂಮಿಯಲ್ಲಿ ಕಾಡು ಹಿಮಸಾರಂಗದ ದೊಡ್ಡ ಹಿಂಡುಗಳಿವೆ, ಬೇಟೆಯ ಕಾಲ ಆಗಸ್ಟ್ 20ರಿಂದ ಸೆಪ್ಟೆಂಬರ್ ಅಂತ್ಯದವರೆಗೆ. ಆದರೆ ಅಲ್ಲಿ ಬೇಟೆಯ ಹಕ್ಕು ಜಮೀನಿಗೆ ಅಂಟಿಕೊಂಡಿದೆ. ಸಾಲದ್ದಕ್ಕೆ 2016ರಲ್ಲಿ ನೋರ್‌ಫ್ಯೆಲ್ಲ ಎಂಬಲ್ಲಿ ಜಿಂಕೆ ಜಾತಿಯ ಪ್ರಾಣಿಗಳ ಮಿದುಳನ್ನು ಕ್ಷಯಿಸುವ ರೋಗ ಪತ್ತೆಯಾಗಿ, ಸುಮಾರು 2,000 ಹಿಮಸಾರಂಗಗಳ ಆ ಇಡೀ ಹಿಂಡನ್ನೇ ನಿರ್ಮೂಲನ ಮಾಡಬೇಕಾಯಿತು. ಮುಂದೆ ಹಾರ್ಡಾಂಗರ್‌ವಿಡ್ಡದಲ್ಲಿಯೂ ಅದು ಕಾಣಿಸಿಕೊಂಡದ್ದರಿಂದ ನಿಯಮಗಳು ಆಗಾಗ ಬದಲಾಗುತ್ತಿವೆ. ಐಸ್‌ಲ್ಯಾಂಡಿನ ಹಿಮಸಾರಂಗಗಳು 18ನೆಯ ಶತಮಾನದ ಉತ್ತರಾರ್ಧದಲ್ಲಿ ನಾರ್ವೆಯಿಂದ ತಂದು ಬಿಟ್ಟವುಗಳ ಸಂತತಿ, ಇಂದು ಪೂರ್ವ ಭಾಗದಲ್ಲಿ ಮಾತ್ರ ಉಳಿದಿವೆ. ಅಲ್ಲಿ ಗೈಡ್ ಕಡ್ಡಾಯ. ವ್ಯವಸ್ಥೆ ಅಚ್ಚುಕಟ್ಟಾಗಿದ್ದರೂ ಪರವಾನಿಗೆ ಸಿಗುವುದು ಲಾಟರಿಯಿಂದ. ಚೀಟಿ ಎತ್ತಿದಾಗ ಅಣ್ಣನಿಗೆ ಬಂದು ತಮ್ಮನಿಗೆ ಬಾರದೆ ಹೋದರೆ ಇಬ್ಬರೂ ಸೇರಿ ಹೊರಟ ಪ್ರವಾಸಕ್ಕೆ ಏನು ಅರ್ಥ?

ಗ್ರೀನ್‌ಲ್ಯಾಂಡಿನಲ್ಲಿ ವಿದೇಶೀಯರು ಪರವಾನಿಗೆ ಪಡೆದ ಸ್ಥಳೀಯ ಸಂಸ್ಥೆಯ ಮೂಲಕವೇ ಬೇಟೆಗೆ ಹೋಗಬೇಕಾದ್ದರಿಂದ ಕಾಗದಪತ್ರದ ಹೆಚ್ಚಿನ ಭಾರವನ್ನು ಅವರೇ ಹೊರುತ್ತಾರೆ. ಆರ್ಕ್‌ಟಿಕ್ ವೃತ್ತದ ಸ್ವಲ್ಪವೇ ಉತ್ತರಕ್ಕಿರುವ ಕಾಂಗರ್ಲುಸುವಾಕ್ ಸುತ್ತಲಿನ ಪ್ರದೇಶ ಇದಕ್ಕೆ ಹೆಸರಾದದ್ದು. ಕಾಲ ಆಗಸ್ಟ್‌ನ ಕೊನೆಯ ಎರಡು ವಾರಗಳಾಗಲಿ. ಜುಲೈಯಲ್ಲಿ ಮುಖ ಮುಚ್ಚದೆ ನಿಲ್ಲಲಾಗದಷ್ಟು ಇರುವ ಸೊಳ್ಳೆ ಅಷ್ಟರಲ್ಲಿ ಇಳಿದಿರುತ್ತದೆ. ಗಂಡು ಸಾರಂಗದ ಬೆನ್ನ ಮೇಲೆ ಬೆರಳ ದಪ್ಪಕ್ಕೂ ಮೀರಿದ ಕೊಬ್ಬು ಕೂಡಿರುತ್ತದೆ, ಕೊಂಬನ್ನು ಸುತ್ತಿದ ಮಖಮಲ್ಲಿನಂಥ ಚರ್ಮ ರಕ್ತಸಿಕ್ತ ಪಟ್ಟಿಗಳಾಗಿ ಕಳಚಿ ಜೋತಾಡುತ್ತಿರುತ್ತದೆ. ಸೆಪ್ಟೆಂಬರ್ ದಾಟಿ ಬೆದೆಯ ಕಾಲ ಬಂತೆಂದರೆ ಅದೇ ಗಂಡಿನ ಮಾಂಸ ನಾತ ಹೊಡೆಯತೊಡಗುತ್ತದೆ. ಈ ಪ್ರಾಣಿಯಲ್ಲಿ ಹೆಣ್ಣಿಗೂ ಕೊಂಬಿರುವುದರಿಂದ ಕೊಂಬು ಕಂಡೊಡನೆ ಗಂಡೆಂದು ತಿಳಿದು ರೈಫಲಿನ ಕುದುರೆ ಎಳೆಯುವಂತಿಲ್ಲ. ಯಾವುದಕ್ಕೆ ಗುರಿ ಇಡಬೇಕೆಂದು ಗೈಡ್ ಹೇಳುವವರೆಗೆ ಕಾಯಬೇಕು.

ಮೀನಿಗೂ ಅದೇ ಹದ. ಸಮುದ್ರದಲ್ಲಿ ಮೇದು ಕೊಬ್ಬಿದ ಆರ್ಕ್‌ಟಿಕ್ ಚಾರ್ ಎಂಬ ಸಾಲ್ಮನ್ ಬಳಗದ ಮೀನು ಜುಲೈ, ಆಗಸ್ಟ್‌ನಲ್ಲಿ ಹೊಳೆಗಳಿಗೆ ಏರುತ್ತದೆ. ಹೊಳೆಗೆ ಬಂದು ಕೆಲವು ದಿನ ಕಳೆದ ಮೀನಿನ ಹೊಟ್ಟೆ ಕಿತ್ತಳೆಗೆಂಪು, ಮೈಮೇಲೆ ತಿಳಿಗುಲಾಬಿ ಚುಕ್ಕೆ, ಕೆಳಗಿನ ರೆಕ್ಕೆಗಳ ಅಂಚು ಸುಣ್ಣ ಬಳಿದಂತೆ ಬಿಳಿ. ಹಿಮನದಿಯಿಂದ ಬರುವ ಹೊಳೆಯ ನೀರು ಕಲ್ಲಿನ ಹುಡಿ ಬೆರೆತು ಹಾಲಿನಂತಿರುತ್ತದೆ, ಅಲ್ಲಿ ಗಾಳ ಹಾಕಿ ಪ್ರಯೋಜನವಿಲ್ಲ. ಕೆರೆಗಳಿಂದ ಹರಿಯುವ ತಿಳಿನೀರಿನ ಹೊಳೆಗಳನ್ನು ಹುಡುಕಬೇಕು. ಅಳಿವೆಯಲ್ಲಿ ಭರತ, ಇಳಿತ ನೋಡಿ ನಿಂತು ಅಭ್ಯಾಸವಿರುವ ನಿಮಗೆ ಹೊಳೆ ಸಮುದ್ರ ಸೇರುವ ಜಾಗದ ಲೆಕ್ಕ ಬೇಗ ಹಿಡಿಯುತ್ತದೆ. ಆದರೆ ಸಿಗಡಿ ಸಿಕ್ಕಿಸುವ ಅಭ್ಯಾಸ ಬಿಟ್ಟು ಲೋಹದ ಸ್ಪೂನ್ (ಮೀನಿನಂತೆ ಹೊಳೆಯುವ ಕೃತಕ ಎರೆ) ಅಥವಾ ಗುಲಾಬಿ ಬಣ್ಣದ ಫ್ಲೈ (ಗರಿ, ನೂಲು ಕಟ್ಟಿ ಮಾಡಿದ ಕೃತಕ ಎರೆ) ಬಳಸುವುದನ್ನು ಕಲಿಯಬೇಕು. ಮೀನಿನ ಪರವಾನಿಗೆ ಬೇಟೆಯದರಿಂದ ಪ್ರತ್ಯೇಕ.

ಒಂದು ಮಾತನ್ನು ಒತ್ತಿ ಹೇಳಬೇಕು: ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಬೇಟೆಯ ದಿನವೆಂದರೆ ಗಾಳಿಗೆ ಎದುರಾಗಿ, ಜೌಗು ಮತ್ತು ಕಲ್ಲಿನ ಮೇಲೆ ಗಂಟೆಗಟ್ಟಲೆ ನಡೆದು, ಕೊನೆಗೆ ಈಡು ತಗಲಿದರೆ ಅಲ್ಲಿಯೇ ಕುಯ್ದು ಮಾಂಸವನ್ನು ಬೆನ್ನ ಮೇಲೆ ಹೊತ್ತು ತರುವ ದಿನ. ಬೇಟೆಯನ್ನು ಮೊದಲು ಮುಗಿಸಿ ಉಳಿದ ದಿನಗಳನ್ನು ಹೊಳೆಗೆ ಇಡುವುದು ಲೇಸು. ಹವೆ ಕೆಟ್ಟರೆ ಗಾಳದ ದಿನವನ್ನು ಬೇಟೆಗೆ ಕೊಡಬಹುದು. ನಾರ್ವೆಯಲ್ಲಿ ದೊಡ್ಡ ಪ್ರಾಣಿಯ ಬೇಟೆಗಾರರಿಗೆ 100 ಮೀಟರ್ ದೂರದ ಹಿಮಸಾರಂಗದ ಚಿತ್ರಕ್ಕೆ ಐದು ಗುಂಡು ಹೊಡೆದು ಐದನ್ನೂ ಗುರಿಯ ವಲಯದೊಳಗೆ ಇಡುವ ಪರೀಕ್ಷೆಯಿದೆ. ಗ್ರೀನ್‌ಲ್ಯಾಂಡಿಗೆ ಹೋದರೂ ಅದನ್ನೇ ನಿಮ್ಮ ಅಳತೆಗೋಲಾಗಿ ಇಟ್ಟುಕೊಳ್ಳಿ, ಹೊರಡುವ ಮೊದಲು ರೈಫಲ್ ಕ್ಲಬ್ಬೊಂದರಲ್ಲಿ ಅಭ್ಯಾಸ ಮಾಡಿ, ತಲುಪಿದ ದಿನ ಬಾಡಿಗೆ ರೈಫಲಿನಿಂದ ಗುರಿ ಪರೀಕ್ಷಿಸಲು ಸಮಯ ಕೊಡುತ್ತಾರೆಯೇ ಎಂದು ಮುಂಗಡ ಕಟ್ಟುವ ಮೊದಲೇ ಕೇಳಿ.

ಹೆಚ್ಚಿನವರು ಎಡವುವುದು ವೀಸಾದಲ್ಲಿ. ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ್ದರೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯಕ್ಕೆ ಸೇರಿಲ್ಲ. ಆದ್ದರಿಂದ ಕೋಪನ್‌ಹೇಗನ್‌ಗೆ ಬಂದು, ಅಲ್ಲಿಂದ ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ಗೆ ಹೋಗಿ, ಮತ್ತೆ ಕೋಪನ್‌ಹೇಗನ್ ಮೂಲಕ ಊರಿಗೆ ಮರಳುವ ನಿಮಗೆ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶ ಕೊಡುವ ಷೆಂಗೆನ್ ವೀಸಾ ಬೇಕು. ಜತೆಗೆ ಗ್ರೀನ್‌ಲ್ಯಾಂಡಿಗೂ ಅನ್ವಯವೆಂದು ನಮೂದಾದ ಅನುಮತಿಯೂ ಬೇಕು. ಅರ್ಜಿಯಲ್ಲಿಯೇ ಇದನ್ನು ಸ್ಪಷ್ಟವಾಗಿ ಬರೆಯಿರಿ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಆ ವಿಮೆ ಗ್ರೀನ್‌ಲ್ಯಾಂಡನ್ನೂ ಹೆಲಿಕಾಪ್ಟರ್ ರಕ್ಷಣೆಯನ್ನೂ ಒಳಗೊಂಡಿದೆಯೇ ಎಂದು ನೋಡಿಕೊಳ್ಳಿ. 2024ರ ನವೆಂಬರ್‌ನಲ್ಲಿ ನೂಕ್‌ನ ಹೊಸ ರನ್‌ವೇ ತೆರೆದ ಮೇಲೆ ದೊಡ್ಡ ವಿಮಾನಗಳು ನೇರ ಅಲ್ಲಿಗೇ ಇಳಿಯುತ್ತವೆ, ಮುಂದಕ್ಕೆ ಚಿಕ್ಕ ವಿಮಾನ. ಮಂಜು ಕವಿದರೆ ಅದು ಹಾರುವುದಿಲ್ಲ, ಹಾಗಾಗಿ ಮರಳುವ ಟಿಕೆಟಿನ ಮುಂಚೆ ಎರಡು ದಿನ ಖಾಲಿ ಬಿಡಿ. ಆಗಸ್ಟ್ ನಮ್ಮಲ್ಲಿ ಅಡಿಕೆಗೆ ಮದ್ದು ಬಿಡುವ ಕಾಲವೂ ಹೌದು. ಅಣ್ಣತಮ್ಮಂದಿರಿಬ್ಬರೂ ಹೊರಟರೆ ತೋಟಕ್ಕೆ ಯಾರೆಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಮಂಗಳೂರಿನ ಏಜೆಂಟರೊಬ್ಬರು ಫಿನ್‌ಲ್ಯಾಂಡಿನ ಲ್ಯಾಪ್‌ಲ್ಯಾಂಡಿನಲ್ಲಿ ಐದು ದಿನಗಳ ಹಿಮಸಾರಂಗ ಬೇಟೆಯ ಪ್ಯಾಕೇಜ್ ಹೇಳಿ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?
(ಓದುಗರೊಬ್ಬರು, ಕದ್ರಿ)

ಉತ್ತರ: ಕೊಡಬೇಡಿ. ಲ್ಯಾಪ್‌ಲ್ಯಾಂಡಿನಲ್ಲಿ ರಸ್ತೆಗೇ ಬಂದು ನಿಲ್ಲುವ ಹಿಮಸಾರಂಗಗಳು ಕಾಡುಪ್ರಾಣಿಗಳಲ್ಲ. ಒಂದೊಂದಕ್ಕೂ ಒಡೆಯರಿದ್ದಾರೆ, ಕಿವಿಯಲ್ಲಿ ಅವರವರ ಕಚ್ಚುಗುರುತು ಇರುತ್ತದೆ. ಸ್ಲೆಜ್ ಸವಾರಿಗೂ ಮೀನಿಗೂ ಅಲ್ಲಿಗೆ ಧಾರಾಳವಾಗಿ ಹೋಗಿ.

ಪ್ರಶ್ನೆ: ಹೊಡೆದ ಪ್ರಾಣಿಯ ಕೊಂಬನ್ನೂ ಒಂದಿಷ್ಟು ಮಾಂಸವನ್ನೂ ಊರಿಗೆ ತರಬಹುದೇ? ನಮ್ಮ ಗಾಳದ ಸಾಮಾನು ಒಯ್ಯಬಹುದೇ?
(ಓದುಗರೊಬ್ಬರು, ಮಲ್ಪೆ)

ಉತ್ತರ: ಮಾಂಸ ತರಲು ಪಶುಸಂಗೋಪನಾ ಇಲಾಖೆಯ ಆಮದು ಪರವಾನಿಗೆ ಬೇಕು, ಸೂಟ್‌ಕೇಸಿನಲ್ಲಿ ಹಾಕಿ ತರುವ ವಸ್ತು ಅದಲ್ಲ. ಕಾಡುಪ್ರಾಣಿಯ ಭಾಗಗಳ ಆಮದಿಗೆ ಬಿಗಿ ನಿರ್ಬಂಧವಿರುವುದರಿಂದ ಕೊಂಬಿನ ಆಸೆಯನ್ನೂ ಬಿಡಿ. ಬಜ್ಪೆಯಲ್ಲಿ ಕಸ್ಟಮ್ಸ್‌ನವರ ಮುಂದೆ ವಿವರಣೆ ಕೊಡುತ್ತ ನಿಲ್ಲುವ ಪ್ರಮೇಯ ಬೇಡ. ಮಾಂಸವನ್ನು ಅಲ್ಲಿಯೇ ತಿನ್ನಿ, ಉಳಿದದ್ದನ್ನು ಗೈಡ್‌ನ ಮನೆಗೆ ಕೊಡಿ. ಗಾಳದ ಸಾಮಾನು ಒಯ್ಯಲು ಅಡ್ಡಿಯಿಲ್ಲ. ಆದರೆ ಐಸ್‌ಲ್ಯಾಂಡಿಗೆ ಹೋಗುವುದಾದರೆ ಬಳಸಿದ ಗಾಳ, ರೀಲ್, ನೀರಿಗಿಳಿಯುವ ಬೂಟುಗಳನ್ನು ಸೋಂಕು ನಿವಾರಿಸಿ ಪಶುವೈದ್ಯರಿಂದ ಪ್ರಮಾಣಪತ್ರ ಪಡೆದು ಒಯ್ಯಬೇಕು. ನಾರ್ವೆಯಲ್ಲಿಯೂ ಸಾಲ್ಮನ್ ಮೀನಿಗೆ ಅಂಟುವ ಪರೋಪಜೀವಿಯ ಭಯದಿಂದ ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುವಾಗ ಸಾಮಾನುಗಳನ್ನು ಪೂರ್ತಿ ಒಣಗಿಸುವುದು ಅಥವಾ ಸೋಂಕು ನಿವಾರಿಸುವುದು ನಿಯಮ.