ಲೈಬ್ರರಿ ಬೀಗದ ಕೈ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆಗೆ 46 ವರ್ಷ, ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಬಲ ಸ್ತನದ ಕ್ಯಾನ್ಸರ್ ಆಗಿ ಆಪರೇಷನ್‌ನಲ್ಲಿ ಸ್ತನದ ಜೊತೆ ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದಿದ್ದರು. ಆಮೇಲೆ ಕಿಮೋ, ರೇಡಿಯೇಶನ್. ಈಗ ಕ್ಯಾನ್ಸರ್ ಮರುಕಳಿಸದಿರಲೆಂದು ದಿನಕ್ಕೊಂದು ಟ್ಯಾಮಾಕ್ಸಿಫೆನ್ ಮಾತ್ರೆ. ಹನ್ನೊಂದು ತಿಂಗಳ ರಜೆಯ ನಂತರ ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟು ಡ್ಯೂಟಿಗೆ ಹಾಜರಾಗಿದ್ದರು. ಆಪ್ತಸಲಹೆಗೆಂದು ನನ್ನ ಬಳಿ ಬಂದದ್ದು ಅದಾದ ಮೂರನೇ ವಾರ.

ದೂರು ಕಾಯಿಲೆಯ ಬಗ್ಗೆ ಇರಲಿಲ್ಲ. "ಹೆಡ್‌ಮಾಸ್ಟರ್ ನನ್ನ ಹತ್ತನೇ ಕ್ಲಾಸು ಬೇರೆಯವರಿಗೆ ಕೊಟ್ಟು, ಲೈಬ್ರರಿ ಬೀಗದ ಕೈ ನನ್ನ ಕೈಗಿಟ್ಟರು. 'ಸುಮ್ನೆ ಬಂದು ಕೂತ್ಕೊಳ್ಳಿ ಮೇಡಂ, ನಾವೆಲ್ಲ ಇದೀವಲ್ಲ' ಅಂದ್ರು. ಒಳ್ಳೇ ಮನಸ್ಸಿಂದಲೇ ಹೇಳಿದ್ದು, ಬೈಯೋಕೂ ಆಗಲ್ಲ." ಮನೆಯಲ್ಲಿ ಗಂಡನದೂ ಅದೇ ರಾಗ: ಜೀವ ಉಳಿದದ್ದೇ ಹೆಚ್ಚು, ಕೆಲಸ ಬಿಟ್ಟುಬಿಡು.

ಆ ದಿನ ನಾನು ಎಡವಿದೆ. ಮೊದಲ ಎರಡು ತಿಂಗಳು ಅರ್ಧ ದಿನ ಕೆಲಸ ಮಾಡಿ ಎಂದುಬಿಟ್ಟೆ. ಆಕೆ ನಕ್ಕರು. "ನಮ್ಮಲ್ಲಿ ಒಂದೋ ರಜೆ, ಇಲ್ಲಾ ಹಾಜರಿ ಪುಸ್ತಕದಲ್ಲಿ ಸಹಿ. ನಡುವೆ ಏನೂ ಇಲ್ಲ ಮೇಡಂ." ಪುಸ್ತಕದ ಸಲಹೆ ಊರಿಗೆ ಹೊಂದಬೇಕಲ್ಲ.

ಎರಡನೇ ಭೇಟಿಯಲ್ಲಿ ಇನ್ನೊಂದು ಸಂಗತಿ ಹೊರಬಂತು. ಒಂದು ದಿನ ಒಂಬತ್ತನೇ ಕ್ಲಾಸಿಗೆ ಬದಲಿಯಾಗಿ ಹೋಗಿ ಲೆಕ್ಕ ಬಿಡಿಸುತ್ತಿದ್ದಾಗ ಮುಂದಿನ ಹೆಜ್ಜೆ ತಲೆಯಿಂದ ಜಾರಿಹೋಗಿತ್ತು. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿಕೊಟ್ಟಳಂತೆ. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಕ್ಲಾಸು ಕಿತ್ತುಕೊಂಡರೆಂಬ ಸಿಟ್ಟಿನ ಅಡಿಯಲ್ಲಿ, ಅವರು ಮಾಡಿದ್ದೇ ಸರಿಯೇನೋ ಎಂಬ ಹೆದರಿಕೆ ಕೂತಿತ್ತು. ನಾವು ಹೆಚ್ಚು ಹೊತ್ತು ಮಾತಾಡಿದ್ದು ಅದರ ಬಗ್ಗೆಯೇ. ಕಿಮೋ ಪಡೆದ ಎಷ್ಟೋ ಜನರಿಗೆ ಹೀಗೆ ಮರೆವು, ಗಮನ ಚದುರುವುದು ಕೆಲವು ತಿಂಗಳು ಇರುತ್ತದೆ, ಕೆಲವರಿಗೆ ಇನ್ನೂ ಹೆಚ್ಚು ಕಾಲ. ಬಹುಪಾಲು ಮಂದಿಯಲ್ಲಿ ನಿಧಾನಕ್ಕೆ ಸುಧಾರಿಸುತ್ತದೆ. ಮಾತ್ರೆಯಿಂದ ರಾತ್ರಿ ಮೈ ಬಿಸಿಯೇರಿ ಬೆವೆತು ನಿದ್ದೆ ಕೆಟ್ಟರೆ ಮರೆವು ಮತ್ತೂ ಹೆಚ್ಚುತ್ತದೆ. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು, ಡಾಕ್ಟರಿಗೆ ಹೇಳಬೇಕು ಎಂದೆ. ಪಾಠದ ಹೆಜ್ಜೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲು ಹೇಳಿದೆ. "ಇಪ್ಪತ್ತು ವರ್ಷದ ಮೇಲೆ ಚೀಟಿಯಾ?" ಎಂದು ಮುಖ ಸಿಂಡರಿಸಿದರು. ಮುಂದಿನ ವಾರ ಚೀಟಿ ಪರ್ಸಿನಲ್ಲಿತ್ತು.

ಹೆಡ್‌ಮಾಸ್ಟರ್ ಬಳಿ "ನನಗೇನೂ ಆಗಿಲ್ಲ" ಎನ್ನುವುದೂ ಬೇಡ, "ನೀವೇ ನೋಡಿ ಮಾಡಿ" ಎನ್ನುವುದೂ ಬೇಡ, ಬೇಕಾದ್ದನ್ನು ಎಣಿಸಿ ಕೇಳಿ ಎಂದೆ. ಎರಡು ವಾರ ಸುಸ್ತು ಯಾವ ಹೊತ್ತಿಗೆ ಬರುತ್ತದೆಂದು ಆಕೆ ಬರೆದಿಟ್ಟಿದ್ದರು. ಮಧ್ಯಾಹ್ನ ಎರಡರ ಮೇಲೆ. ಹಾಗಾಗಿ ಕೇಳಿದ್ದು: ಪಾಠದ ಪೀರಿಯಡ್ಡು ಊಟಕ್ಕೆ ಮುಂಚೆ ಇರಲಿ, ಕ್ಲಾಸಿನಲ್ಲೊಂದು ಕುರ್ಚಿ, ಮಹಡಿಯ ಬದಲು ಕೆಳಗಿನ ಕೋಣೆ. ಬೋರ್ಡಿನ ಮೇಲ್ಭಾಗಕ್ಕೆ ಕೈಯೆತ್ತಿ ಬರೆಯುವ ಕೆಲಸ ಮಕ್ಕಳಿಗೆ ಒಪ್ಪಿಸಿದರು. ಸುಸ್ತೆಂದು ಮಲಗಿಯೇ ಇದ್ದರೆ ಸುಸ್ತು ಬೆಳೆಯುತ್ತದೆ, ಅದಕ್ಕೆ ಸಂಜೆ ನಡಿಗೆ. ಬಲಗೈಗೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ. ಗ್ರಂಥಿ ತೆಗೆದ ಬದಿಯ ಆ ಕೈ ಊದಿಕೊಂಡರೆ ಡಾಕ್ಟರಿಗೆ ತೋರಿಸಬೇಕು, ಕೆಂಪಾಗಿ ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆ.

ಸಹೋದ್ಯೋಗಿಗಳ ಪ್ರಶ್ನೆಗೆ ಒಂದೇ ಸಾಲು ರೂಢಿ ಮಾಡಿಕೊಂಡೆವು: "ಚಿಕಿತ್ಸೆ ಮುಗಿದಿದೆ, ಚೆಕಪ್ ನಡೀತಿದೆ. ಪೋರ್ಷನ್ ಎಲ್ಲಿವರೆಗೆ ಬಂತು?"

ಗಂಡನನ್ನೂ ಒಮ್ಮೆ ಕರೆಸಿದೆ. ಅವರು ಹೆಚ್ಚು ಮಾತಾಡಲಿಲ್ಲ. ಚೆಕಪ್ ದಿನ ಹತ್ತಿರವಾದಂತೆ ತಮಗೂ ನಿದ್ದೆ ಬರುವುದಿಲ್ಲ ಎಂದಷ್ಟೇ ಹೇಳಿದರು. ಆಕೆ ಅವರತ್ತ ತಿರುಗಿ, "ನೀವು ಹೇಳಿರಲೇ ಇಲ್ಲವಲ್ಲ" ಎಂದರು.

ಈಗ ಎಂಟು, ಒಂಬತ್ತನೇ ಕ್ಲಾಸುಗಳು ಸಿಕ್ಕಿವೆ. ಬೀಗದ ಕೈ ಮರಳಿಸಿದ್ದಾರೆ. ಜೂನ್‌ನಲ್ಲಿ ಹತ್ತನೇ ಕ್ಲಾಸು ಕೇಳಬೇಕೋ ಬೇಡವೋ, ಇನ್ನೂ ತೀರ್ಮಾನವಾಗಿಲ್ಲ. ಏಪ್ರಿಲ್ ಕೊನೆಗೆ ಮತ್ತೆ ಬರುತ್ತಾರೆ.